ಪಾನಕ, ಕೋಸಂಬರಿ, ಕಛೇರಿ: ಬೆಂಗಳೂರಿನ ಬೇಸಿಗೆ ಸಂಜೆಗಳು

ಚೆನ್ನೈನಲ್ಲಿರುವ ನಮ್ಮವರಿಗೆ ಸಂಗೀತದ ಕಾಲ ಎಂದರೆ ಮಾರ್ಗಳಿ, ಡಿಸೆಂಬರ್ ತಿಂಗಳು. ಪುಣೆಯವರಿಗೆ ಸವಾಯಿ ಗಂಧರ್ವ ಮಹೋತ್ಸವ. ಅದೂ ಈಗ ನಡೆಯುವುದು ಡಿಸೆಂಬರಿನಲ್ಲೇ, ಶಾಲು ಹೊದ್ದು ಕೂರುವ ಚಳಿಯಲ್ಲಿ. ಬೆಂಗಳೂರು ಮಾತ್ರ ತನ್ನ ದೊಡ್ಡ ಸಂಗೀತೋತ್ಸವವನ್ನು ವರ್ಷದ ಅತಿ ಬಿಸಿಯಾದ ತಿಂಗಳಿಗೆ ಇಟ್ಟುಕೊಂಡಿದೆ. ಅದೂ ಹವಾನಿಯಂತ್ರಿತ ಸಭಾಂಗಣದಲ್ಲಲ್ಲ, ಶಾಲೆಯ ಮೈದಾನದಲ್ಲಿ ಹಾಕಿದ ಚಪ್ಪರದ ಕೆಳಗೆ. ಕೈಯಲ್ಲಿ ಬೀಸಣಿಗೆ, ಗಂಟಲಲ್ಲಿ ಪಾನಕ, ಕಿವಿಯಲ್ಲಿ ಕಲ್ಯಾಣಿ. ರಾಮನವಮಿಯ ಈ ಪದ್ಧತಿ ಹೇಗೆ ಬಂತು, ಯಾಕೆ ಉಳಿಯಿತು ಎಂದು ನೋಡಹೊರಟರೆ ಒಂದು ಊರಿನ ಬೇಸಿಗೆಯ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಚೆನ್ನೈನ ಡಿಸೆಂಬರ್ ಋತುವಿಗೆ ಬುನಾದಿ ಹಾಕಿದ್ದು ರಾಜಕೀಯ. 1927ರ ಡಿಸೆಂಬರಿನಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಜೊತೆಗೊಂದು ಸಂಗೀತ ಸಮ್ಮೇಳನವೂ ಸೇರಿತು, ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಬೆಂಗಳೂರಿನ ಋತುವನ್ನು ಗೊತ್ತುಮಾಡಿದ್ದು ಪಂಚಾಂಗ. ಯುಗಾದಿಯ ಪಾಡ್ಯದಿಂದ ನವಮಿಯವರೆಗೆ ಒಂಬತ್ತು ದಿನ ಆಚರಿಸಿದರೆ ಗರ್ಭೋತ್ಸವ, ನವಮಿಯಿಂದ ಮುಂದಕ್ಕೆ ಆಚರಿಸಿದರೆ ಜನನೋತ್ಸವ. ಒಂದು ಬೀದಿಯವರು ಹಿಂದಕ್ಕೆ, ಇನ್ನೊಂದು ಬೀದಿಯವರು ಮುಂದಕ್ಕೆ ಎಳೆದುಕೊಂಡರೆ ಹಬ್ಬ ತಾನಾಗಿಯೇ ಹದಿನೈದು ದಿನ ದಾಟುತ್ತದೆ. ಮೊದಮೊದಲು ಇದೆಲ್ಲ ಭಜನೆ, ಹರಿಕಥೆ, ರಾಮಾಯಣ ಪ್ರವಚನಗಳ ಕಾಲ. ಕಛೇರಿಗೆ ಹೆಚ್ಚಿನ ಜಾಗ ಸಿಕ್ಕಿದ್ದು ಆಮೇಲೆ.

ಇದಕ್ಕೆ ಊರಿನ ಹವೆಯೂ ಒಪ್ಪಿಗೆ ಕೊಟ್ಟಿತು ಅನ್ನಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. ಏಪ್ರಿಲಿನಲ್ಲಿ ಮಧ್ಯಾಹ್ನ 34 ಡಿಗ್ರಿ ಆಸುಪಾಸು ಕುದಿಸಿದರೂ ಸೂರ್ಯ ಮುಳುಗಿದ ಮೇಲೆ ಗಾಳಿ ಬೀಸುತ್ತದೆ. ಅದೇ ಚಪ್ಪರವನ್ನು ಏಪ್ರಿಲಿನಲ್ಲಿ ಮೈಲಾಪುರದಲ್ಲೋ ಮಾಟುಂಗಾದಲ್ಲೋ ಹಾಕಿ ನೋಡಿ, ತನಿ ಆವರ್ತನದ ಹೊತ್ತಿಗೆ ಮೃದಂಗದವರೂ ಕೇಳುಗರೂ ಒಟ್ಟಿಗೇ ಕರಗಿರುತ್ತಾರೆ! ಬೆಂಗಳೂರಿನಲ್ಲಿ ಹೆದರಿಕೆ ಸೆಕೆಯದ್ದಲ್ಲ, ಯುಗಾದಿಯ ನಂತರ ಯಾವ ಸಂಜೆಯಾದರೂ ಸುರಿಯಬಹುದಾದ ಆಲಿಕಲ್ಲು ಮಳೆಯದ್ದು.

ಇನ್ನು ಪಾನಕ. ಬೆಲ್ಲ, ಏಲಕ್ಕಿ, ಶುಂಠಿ, ಒಂದಿಷ್ಟು ಮೆಣಸು, ನಿಂಬೆಹುಳಿ. ಇವೆಲ್ಲ ರುಚಿಗೆ. ಪಾನಕದ ಅಸಲು ಸಾಮಗ್ರಿ ನೀರು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವುದು ನಮ್ಮಲ್ಲಿ ಬಹಳ ಹಳೆಯ ಧರ್ಮ. ಅದಕ್ಕೆ ಕನ್ನಡದಲ್ಲಿ ಅರವಟ್ಟಿಗೆ ಎಂಬ ಚಂದದ ಹೆಸರಿದೆ. ಅರವಟ್ಟಿಗೆ ಇಡಲು ಭೂಮಿ ಬಿಟ್ಟುಕೊಟ್ಟ ದಾನಗಳನ್ನು ಕರ್ನಾಟಕದ ಶಾಸನಗಳು ಹೇಳುತ್ತವೆ. ರಾಮನವಮಿಯ ದಿನ ಬೀದಿಬದಿಯ ಮೇಜಿನ ಮೇಲೆ ಕೊಳಗದಲ್ಲಿ ಪಾನಕ, ಪಕ್ಕದಲ್ಲಿ ನೀರುಮಜ್ಜಿಗೆ ಇಟ್ಟು, ಯಾರು ಎತ್ತ ಎಂದು ಕೇಳದೆ ಲೋಟ ತುಂಬಿಸಿಕೊಡುವುದನ್ನು ನಾನು ಅದೇ ಅರವಟ್ಟಿಗೆಯ ಸಂತಾನ ಎಂದು ತಿಳಿಯುತ್ತೇನೆ.

ಕುಡಿಯುವುದನ್ನೂ ಹಾಡುವುದನ್ನೂ ಒಂದೇ ಪುಸ್ತಕದಲ್ಲಿಟ್ಟ ದೊರೆಯೊಬ್ಬ ನಮ್ಮ ನಾಡಿನಲ್ಲೇ ಇದ್ದ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ನೂರು ಅಧ್ಯಾಯಗಳಿವೆ. ಅನ್ನಭೋಗ, ಪಾನೀಯಭೋಗಗಳು ಅರಸನ ಭೋಗಗಳ ಭಾಗದಲ್ಲಿ ಬಂದರೆ, ಗೀತ ಮತ್ತು ವಾದ್ಯಗಳು ವಿನೋದಗಳ ಭಾಗದಲ್ಲಿ ಬರುತ್ತವೆ. ಯಾವ ಋತುವಿನಲ್ಲಿ ಯಾವ ನೀರು ಒಳ್ಳೆಯದು, ಅದಕ್ಕೆ ಹೂವಿನ ಪರಿಮಳ ಹೇಗೆ ಕೂಡಿಸಬೇಕು ಎಂಬವರೆಗೆ ಅಲ್ಲಿ ವಿವರ ಇದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ಸೂಪಶಾಸ್ತ್ರದಲ್ಲೂ ಪಾನಕಗಳಿಗೆ ಜಾಗ ಸಿಕ್ಕಿದೆ. ಆದರೆ ಸೋಮೇಶ್ವರನ ಭೋಗ ಅರಮನೆಯ ಭೋಗ. ಅದು ಬೀದಿಗೆ ಬಂದು, ಎಲ್ಲರ ಕೈಗೂ ಲೋಟ ಸಿಗಬೇಕಾದರೆ ಬೇರೊಂದು ಬಗೆಯ ಊರು ಬೇಕಾಯಿತು.

ಆ ಊರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬೆಳೆಯತೊಡಗಿತು. ಪೇಟೆಯ ಪಕ್ಕದಲ್ಲಿ 1892ರಲ್ಲಿ ಚಾಮರಾಜಪೇಟೆ ಎದ್ದಿತು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಿದ್ದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಹೊಸ ಬಡಾವಣೆಯಲ್ಲಿ ಅಗಲ ರಸ್ತೆ, ಮೈದಾನ, ಶಾಲೆ, ಸಂಬಳದ ನೌಕರಿ, ಸಂಜೆಯ ಬಿಡುವು ಇದ್ದವು. ಹೆಸರಘಟ್ಟದಿಂದ ಕೊಳಾಯಿ ನೀರು 1890ರ ದಶಕದಲ್ಲಿ ಬಂತು, ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವಾಯಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಹತ್ತಿತು. ಅದೇ ವರ್ಷ ಬೆಂಗಳೂರು ಗಾಯನ ಸಮಾಜವೂ ಹುಟ್ಟಿತು. ರಾತ್ರಿ ಹತ್ತರವರೆಗೆ ಸಂಸಾರ ಸಮೇತ ಹೊರಗೆ ಕೂತು ಹಾಡು ಕೇಳುವುದಕ್ಕೆ ರಾಗ, ತಾಳ ಮಾತ್ರ ಸಾಲದು, ಮನೆಗೆ ಮರಳುವ ದಾರಿಯಲ್ಲಿ ಬೆಳಕೂ ಬೇಕು.

1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು, ಇನ್ನೂ ಎಳೆಯ ವಯಸ್ಸಿನಲ್ಲೇ, ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯನ್ನು ಶುರುಮಾಡಿದರು. ಬೀದಿಯ ಹುಡುಗರ ಹಬ್ಬವಾಗಿ ನಿಂತುಹೋಗಬಹುದಾಗಿದ್ದದ್ದು ಬೆಳೆದು ಬೆಳೆದು ತಿಂಗಳುದ್ದದ ಉತ್ಸವವಾಯಿತು. ಕೋಟೆ ಪ್ರೌಢಶಾಲೆಯ ಮೈದಾನ ಎಂದರೆ ಸಂಗೀತ ಬಲ್ಲವರಿಗೆಲ್ಲ ರಾಮನವಮಿಯೇ ನೆನಪಾಗುವಂತಾಯಿತು. ಪರೀಕ್ಷೆ ಮುಗಿಸಿ ಮಕ್ಕಳು ರಜೆಗೆ ಹೋಗುವ ಕಾಲಕ್ಕೆ ಮೈದಾನಕ್ಕೆ ಚಪ್ಪರ ಬರುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಬಾಲಮುರಳಿಕೃಷ್ಣ ಹಾಡಿದ ವೇದಿಕೆ ಅದು. ಯೇಸುದಾಸರ ಕಛೇರಿಯ ದಿನ ಚಪ್ಪರದಲ್ಲಿ ಜಾಗ ಸಾಲದೆ ಜನ ರಸ್ತೆಯವರೆಗೆ ಚೆಲ್ಲುತ್ತಿದ್ದದ್ದು ಊರಿಗೇ ಗೊತ್ತು.

ಬಯಲು ಸಂಗೀತಕ್ಕೆ ಒಂದು ಕಷ್ಟವಿದೆ. ಗೋಡೆಯಿಲ್ಲದ ಕಡೆ ನಾದ ಸೋರಿಹೋಗುತ್ತದೆ. ಧ್ವನಿವರ್ಧಕ ಇಲ್ಲದ ದಿನಗಳಲ್ಲಿ ಹಿಂದಿನ ಸಾಲಿಗೂ ಕೇಳಬೇಕೆಂದು ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು ಇದೇ ಕಷ್ಟಕ್ಕೆ ಕಂಡುಕೊಂಡ ಉಪಾಯ. ಮೈಕು ಬಂದ ಮೇಲೆ ಸಮಸ್ಯೆ ತಿರುಗಿಬಿತ್ತು. ಒಳಗೆ ಟಿಕೆಟ್ಟು ಕೊಂಡವರಿಗೆ ಎಷ್ಟು ಕೇಳುತ್ತಿತ್ತೋ ಹೊರಗೆ ಸ್ಕೂಟರಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದವರಿಗೂ ಹೆಚ್ಚುಕಡಿಮೆ ಅಷ್ಟೇ ಕೇಳುತ್ತಿತ್ತು. ಈ ಸೋರಿಕೆಯನ್ನು ಯಾವ ಖಜಾಂಚಿಯೂ ಇಷ್ಟಪಡಲಾರ. ಆದರೆ ಪಂತುವರಾಳಿಗೂ ಪೂರ್ವಿಕಲ್ಯಾಣಿಗೂ ವ್ಯತ್ಯಾಸ ತಿಳಿದ ಆಟೋ ಚಾಲಕರು ಆ ಊರಿನಲ್ಲಿ ಇದ್ದರೆ ಅದಕ್ಕೆ ಕಾರಣ ಇಂಥ ಸೋರಿಕೆಯೇ.

ಮಂಡಳಿ ಹುಟ್ಟಿದ ವರ್ಷವೇ ಎರಡನೇ ಮಹಾಯುದ್ಧ ಶುರುವಾಯಿತು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯ ಅಭಾವದಲ್ಲೇ ತಾವು ರವೆ ಇಡ್ಲಿ ಮಾಡಿದ್ದು ಎಂದು ಎಂ.ಟಿ.ಆರ್.ನವರು ಹೇಳಿಕೊಳ್ಳುತ್ತಾರೆ. ರಾಮನವಮಿಯ ಪ್ರಸಾದಕ್ಕೆ ಮಾತ್ರ ಈ ತೊಂದರೆ ತಟ್ಟುವ ಹಾಗಿರಲಿಲ್ಲ. ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಮಾವಿನಕಾಯಿ ತುರಿ, ಮೇಲೊಂದು ಸಾಸಿವೆ ಒಗ್ಗರಣೆ. ಅಕ್ಕಿ ಬೇಡ, ಒಲೆಯ ಕೆಲಸ ಒಗ್ಗರಣೆಗಷ್ಟೇ, ಸೌದೆ ಉಳಿತಾಯ. ನೂರು ಜನಕ್ಕೆ ಅಂದುಕೊಂಡದ್ದನ್ನು ಇನ್ನೆರಡು ಸೌತೆಕಾಯಿ ಹೆಚ್ಚಿ ನೂರಿಪ್ಪತ್ತು ಜನಕ್ಕೆ ಹಿಗ್ಗಿಸಬಹುದು. ದೊಡ್ಡ ಗುಂಪಿನ ಬೇಸಿಗೆಗೆ ಇದಕ್ಕಿಂತ ಜಾಣ ತಿಂಡಿ ನನಗೆ ಗೊತ್ತಿಲ್ಲ.

ಆದರೆ ಆ ಸೌತೆಕಾಯಿ ಹೆಚ್ಚಿದವರು ಯಾರು? ಉತ್ಸವಗಳ ಚರಿತ್ರೆ ಬರೆಯುವಾಗ ಹಾಡಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು ಬರುತ್ತದೆ. ಬೆಳಗಿನ ಜಾವ ಎದ್ದು ಹತ್ತಾರು ತೆಂಗಿನಕಾಯಿ ತುರಿದ ಕೈಗಳ ಹೆಸರು ಸಿಗುವುದು ಅಪರೂಪ. ಬೀದಿಯ ರಾಮೋತ್ಸವಗಳಿಗೆ ಮನೆಮನೆಯಿಂದ ಒಂದೊಂದು ಪಾತ್ರೆ ಕೋಸಂಬರಿ ಹೋಗುತ್ತಿತ್ತು. ಅದು ದುಡ್ಡಿನ ಲೆಕ್ಕದ ಪುಸ್ತಕದಲ್ಲಿ ಬರುವ ವಂತಿಗೆಯಲ್ಲ. ಹೀಗಾಗಿ ಚರಿತ್ರೆಯಲ್ಲೂ ಬರಲಿಲ್ಲ.

ಅವರಿಗೆ ದಕ್ಕಿದ್ದೂ ಒಂದಿದೆ. ನಮ್ಮ ಮನೆಯ ಹಿರಿಯ ಹೆಂಗಸರು ಹೇಳುತ್ತಿದ್ದಂತೆ, ಸಿನಿಮಾಕ್ಕೆ ಹೋಗಲು ಹತ್ತು ಪ್ರಶ್ನೆ ಕೇಳುತ್ತಿದ್ದ ಗಂಡಸರು ರಾಮನವಮಿ ಕಛೇರಿಗೆ ಹೊರಟರೆ ಒಂದೂ ಕೇಳುತ್ತಿರಲಿಲ್ಲ. ದೇವರ ಕಾರ್ಯವಲ್ಲವೆ! ನೆರೆಮನೆಯ ನಾಲ್ವರು ಹೆಂಗಸರು ಚಾಪೆ ಹಿಡಿದು ಹೊರಟು, ರಾತ್ರಿ ಮಂಗಳ ಹಾಡುವವರೆಗೂ ಮನೆಯ ಹೊರಗೆ ಕೂರಬಹುದಿತ್ತು. ವೇದಿಕೆಯ ಮೇಲೂ ಹೆಣ್ಣಿನ ದನಿ. ಇದೇನು ಸಾಮಾನ್ಯ ಸಂಗತಿಯಲ್ಲ. ನಂಜನಗೂಡಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕಲಿತು, ಮದ್ರಾಸಿಗೆ ಹೋಗಿ ನೆಲೆಸಿದ ಬೆಂಗಳೂರು ನಾಗರತ್ನಮ್ಮ (1878–1952) ತಮ್ಮ ಗಳಿಕೆಯನ್ನೆಲ್ಲ ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಆದರೂ ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅವರು ಸೋಲದೆ ಹೆಂಗಸರದೇ ಬೇರೆ ಗೋಷ್ಠಿ ಕಟ್ಟಿ ಹಾಡಿಸಿದರು. ಬೇರೆ ಬೇರೆಯಾಗಿದ್ದ ಗುಂಪುಗಳು 1940ರ ಹೊತ್ತಿಗೆ ಒಂದಾದವು. ಚಾಮರಾಜಪೇಟೆಯಲ್ಲಿ ರಾಮನಿಗೆ ಚಪ್ಪರ ಎದ್ದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮುಂದೆ ಆ ಚಪ್ಪರದಲ್ಲಿ ಎಂ.ಎಸ್. ಹಾಡಲು ಕೂತಾಗ ಎದುರಿಗೆ ಚಾಪೆಯ ಮೇಲಿದ್ದ ಗೃಹಿಣಿಯರಿಗೆ ನಾಗರತ್ನಮ್ಮನ ಜಗಳ ತಿಳಿದಿತ್ತೋ ಇಲ್ಲವೋ, ಅದರ ಫಲವನ್ನಂತೂ ಅವರು ಕೂತು ಕೇಳುತ್ತಿದ್ದರು.

ಬಡಾವಣೆಗಳ ಬೇಸಿಗೆ ಹೀಗಾದರೆ ಹಳೇ ಪೇಟೆಯ ಬೇಸಿಗೆಗೆ ಅದರದೇ ರಾತ್ರಿ, ಅದರದೇ ಸಂಗೀತ ಇದೆ. ನವಮಿಯಾಗಿ ಆರು ದಿನಕ್ಕೆ ಚೈತ್ರ ಪೌರ್ಣಮಿ, ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ತೋಟಗಾರಿಕೆಯಲ್ಲಿ ಪಳಗಿದ ತಿಗಳರ ಹಬ್ಬ ಇದು. ಹೆಣ್ಣುವೇಷದ ಪೂಜಾರಿ, ತಲೆಯ ಮೇಲೆ ಮಲ್ಲಿಗೆಯ ಗೋಪುರ, ಸುತ್ತ ಕತ್ತಿ ಹಿಡಿದ ವೀರಕುಮಾರರು. ದಾರಿಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಕರಗ ಹೋಗಿಬರುತ್ತದೆ. ಇಡೀ ರಾತ್ರಿ ನಿದ್ದೆಗೆಟ್ಟು ನಿಂತವರಿಗೆ ಅಂಗಡಿಯವರು, ಮನೆಯವರು ಮಜ್ಜಿಗೆ, ಪಾನಕ ಹಂಚುತ್ತಾರೆ. ಕೃತಿ ಕೇಳಲು ಕೂತವರಿಗೂ ತಮಟೆ ಕೇಳಲು ನಿಂತವರಿಗೂ ಆ ವಾರ ಗಂಟಲಿಗೆ ಸಿಗುವುದು ಒಂದೇ.

ಈಗಿನ ಕಥೆ ಸ್ವಲ್ಪ ಬೇರೆ. ಚಪ್ಪರದೊಳಗೆ ಪ್ರಾಯೋಜಕರ ಫಲಕಗಳಿವೆ, ಮುಂದಿನ ಸಾಲಿಗೆ ಸೋಫಾ ಬಂದಿದೆ. ಕಲಾವಿದರಿಗೆ ತಕ್ಕ ಸಂಭಾವನೆ ಕೊಡಬೇಕೆಂದರೆ ದುಡ್ಡು ಎಲ್ಲಿಂದಲೋ ಬರಬೇಕು, ಅದಕ್ಕೆ ನನ್ನ ತಕರಾರಿಲ್ಲ. ಪಾನಕದ ಜಾಗಕ್ಕೆ ನೀರಿನ ಬಾಟಲಿ ಬಂದರೆ ಮಾತ್ರ ತಕರಾರಿದೆ. 2020ರ ಏಪ್ರಿಲ್ 2ರಂದು ರಾಮನವಮಿ ಬಂದಾಗ ದೇಶಕ್ಕೆಲ್ಲ ಬೀಗ ಬಿದ್ದಿತ್ತು, ಎಲ್ಲೂ ಚಪ್ಪರ ಏಳಲಿಲ್ಲ. 2024ರ ಬೇಸಿಗೆಯಲ್ಲಿ ಚಪ್ಪರಕ್ಕೆ ಅಡ್ಡಿಯಿರಲಿಲ್ಲ, ಆದರೆ ಕೊಳವೆಬಾವಿಗಳು ಬತ್ತಿ ಬಡಾವಣೆಗಳು ಟ್ಯಾಂಕರಿಗೆ ಕಾದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಆ ವರ್ಷ ಏಪ್ರಿಲ್ 17ಕ್ಕೆ ರಾಮನವಮಿ. ಕೊಳಗ ತುಂಬ ಪಾನಕ ಕಲಸಿ ಬೀದಿಗಿಟ್ಟವರು, ಅರವಟ್ಟಿಗೆ ಇಟ್ಟ ಕಾಲದವರ ಹಾಗೆಯೇ, ನಿಜವಾಗಿಯೂ ನೀರನ್ನು ದಾನ ಮಾಡಿದರು.

ಹೊರನಾಡಿನಲ್ಲಿರುವ ನಮಗೆ ಈ ಸಂಜೆಗಳನ್ನು ತಂದುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ, ಏಕೆಂದರೆ ಅಕ್ಕಪಕ್ಕದವರಲ್ಲೂ ಇದೇ ರುಚಿ ಇದೆ. ಚೈತ್ರದ ಅರಿಶಿನ ಕುಂಕುಮಕ್ಕೆ ಮರಾಠಿ ಗೆಳತಿಯರು ಮಾವಿನಕಾಯಿ ಹಾಕಿದ ಕಡಲೆಬೇಳೆ ಮತ್ತು ಪನ್ಹೆ ಕೊಡುತ್ತಾರೆ. ಪನ್ಹೆ ಎಂಬುದು ಪಾನಕದ್ದೇ ಇನ್ನೊಂದು ಉಚ್ಚಾರ, ಅವರ ಕೋಶಿಂಬೀರ್ ನಮ್ಮ ಕೋಸಂಬರಿಯ ಹತ್ತಿರದ ನೆಂಟ. ಹೈದರಾಬಾದಿನಲ್ಲಿ ಪಾನಕಂ ಜೊತೆಗೆ ವಡಪಪ್ಪು, ಚೆನ್ನೈನಲ್ಲಿ ಪಾನಕಂ, ನೀರ್‌ಮೋರ್. ಬೇಲದ ಹಣ್ಣಿನ ಪಾನಕ ಮಾಡುವ ಮನೆಯವರು ಮಾತ್ರ ದೆಹಲಿಯಲ್ಲಿ ಎಚ್ಚರವಾಗಿರಬೇಕು. ಅಲ್ಲಿ ಬೇಲ್ ಎಂದು ಕೇಳಿದರೆ ಸಿಗುವುದು ಬಿಲ್ವದ ಕಾಯಿ, ಅದರ ಶರಬತ್ತೂ ಚೆನ್ನಾಗಿಯೇ ಇರುತ್ತದೆ, ಆದರೆ ನಮ್ಮದು ಅದಲ್ಲ. ನಮ್ಮ ಬೇಲದ ಹಣ್ಣನ್ನು ಅಲ್ಲಿ ಕೈತ್ ಎಂದು ಕೇಳಬೇಕು. ಮುಂಬೈ, ಪುಣೆಯಲ್ಲಿ ಅದು ಕವಠ, ಚೆನ್ನೈನಲ್ಲಿ ವಿಳಾಂಪಳಂ, ಹೈದರಾಬಾದಿನಲ್ಲಿ ವೆಲಗಪಂಡು. ಕುಲುಕಿದರೆ ಒಳಗೆ ತಿರುಳು ಅಲ್ಲಾಡಬೇಕು, ಮೂಗಿಗೆ ಹುಳಿಸಿಹಿ ಘಮ ಬರಬೇಕು. ಅಂಥದನ್ನು ಒಡೆದು, ತಿರುಳು ಕಿವುಚಿ, ಬೆಲ್ಲ, ಏಲಕ್ಕಿ ಹಾಕಿ ಕಲಸಿದರೆ ನಾಲ್ಕು ಜನಕ್ಕೆ ಒಂದೇ ಹಣ್ಣು ಸಾಕು.