ಇವು ಯಾರ ಹೊಲ ಇದ್ವೋ?

ಅಪ್ಪನಿಗೆ ವಿಮಾನ ಹತ್ತಿರದಿಂದ ನೋಡೋ ಆಸೆ. ಯಲಬುರ್ಗಾ ಕಡೆಯ ನಮ್ಮೂರ ಎರೆಹೊಲದಲ್ಲಿ ನಿಂತು ಜೀವನಪೂರ್ತಿ ಆಕಾಶ ನೋಡಿದವನು ಅವನು. ವಿಮಾನಕ್ಕಿಂತ ಮಳೆಗಾಗಿ ನೋಡಿದ್ದೇ ಹೆಚ್ಚು. ಬೆಂಗಳೂರಿಗೆ ಬಂದಿದ್ದಾಗ ಒಂದು ಭಾನುವಾರ ದೇವನಹಳ್ಳಿ ಕಡೆ ಕರ್ಕೊಂಡು ಹೋದೆ. ನನಗೂ ಒಂದು ಕೆಲಸ ಇತ್ತು. ಅಲ್ಲೇ ಹತ್ತಿರ ಮೂವತ್ತು-ನಲವತ್ತರ ಒಂದು ಸೈಟು ನೋಡಿಟ್ಟಿದ್ದೆ. "ಸಾರ್, ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ, ಪಕ್ಕದಲ್ಲೇ ಬಿಸಿನೆಸ್ ಪಾರ್ಕ್ ಬರ್ತಿದೆ, ಈಗ ಬಿಟ್ರೆ ಸಿಗಲ್ಲ" ಅಂತ ಏಜೆಂಟು ವಾರಕ್ಕೆರಡು ಸಲ ಫೋನ್ ಮಾಡ್ತಿದ್ದ.

ತಲೆ ಮೇಲೆ ವಿಮಾನ ಇಳಿಯುತ್ತಿತ್ತು. ಅಪ್ಪ ನೆಲ ನೋಡ್ತಿದ್ದ. ಗಾಜಿನ ಕಟ್ಟಡ, ಕಾಂಪೌಂಡು, ನಡುವೆ ಉಳಿದ ಒಂದು ದ್ರಾಕ್ಷಿ ಚಪ್ಪರ.

"ತಮ್ಮಾ, ಇವು ಯಾರ ಹೊಲ ಇದ್ವೋ?"

"ಗೊತ್ತಿಲ್ಲಪ್ಪಾ."

ಇಂಥದ್ದೇ ಒಂದು ಗಾಜಿನ ಕಟ್ಟಡದಲ್ಲಿ ನಾನು ಎಷ್ಟೋ ವರ್ಷದಿಂದ ಕೂತಿದ್ದೀನಿ. ಈ ಪ್ರಶ್ನೆ ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ಆಮೇಲೆ ಓದೋಕೆ ಶುರು ಮಾಡಿದೆ.

ಬೆಂಗಳೂರಿನ ವಿಮಾನದ ಕಥೆ 1940ರಲ್ಲಿ ಶುರುವಾಗುತ್ತೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಟ್ಟಿದರು. ಜಾಗ ಕೊಟ್ಟದ್ದು ಸಂಸ್ಥಾನ. ಮುಂದೆ ನಾವೆಲ್ಲ ಹಳೇ ಏರ್‌ಪೋರ್ಟ್ ಅನ್ನೋದು ಅದೇ ಎಚ್‌ಎಎಲ್ ರನ್‌ವೇಯನ್ನ. ಐಟಿ ಬೆಳೆದಂತೆ ಅದು ಸಾಲದಾಯ್ತು. 1991ರಲ್ಲೇ ಹೊಸ ಜಾಗ ಹುಡುಕೋಕೆ ಸಮಿತಿ ಆಗಿ, ದೇವನಹಳ್ಳಿ ಗೊತ್ತಾಯ್ತು. ಒಪ್ಪಂದಕ್ಕೆ ಸಹಿ ಬಿದ್ದಿದ್ದು 2004ರಲ್ಲಿ, ಕೆಲಸ ಶುರುವಾಗಿದ್ದು 2005ರಲ್ಲಿ. 2008ರ ಮೇ 24ಕ್ಕೆ ಮೊದಲ ವಿಮಾನಗಳು ಹಾರಿದವು. ನಿಲ್ದಾಣಕ್ಕೆ ಸಿಕ್ಕಿದ್ದು ಸುಮಾರು 4,000 ಎಕರೆ.

ಅಷ್ಟೊಂದು ಯಾಕೆ? ಎರಡನೇ ರನ್‌ವೇ, ಮುಂದಿನ ಟರ್ಮಿನಲ್ಲುಗಳಿಗೆ ಅನ್ನೋದು ಒಂದು ಉತ್ತರ. ಇನ್ನೊಂದು ಉತ್ತರ ಐರ್ಲೆಂಡಿನಲ್ಲಿದೆ. ಅಟ್ಲಾಂಟಿಕ್ ದಾಟೋ ಹಳೇ ವಿಮಾನಗಳು ಅಲ್ಲಿನ ಶ್ಯಾನನ್‌ನಲ್ಲಿ ಇಂಧನಕ್ಕೆ ಇಳೀತಿದ್ದವು. ಜೆಟ್ ಬಂದಮೇಲೆ ಇಳಿಯೋ ಅಗತ್ಯ ಇಲ್ಲದಂತಾಯ್ತು. ಊರು ಖಾಲಿಯಾಗೋ ಭಯಕ್ಕೆ 1959ರಲ್ಲಿ ನಿಲ್ದಾಣದ ಸುತ್ತ ತೆರಿಗೆ ರಿಯಾಯಿತಿಯ ಕೈಗಾರಿಕಾ ವಲಯ ಮಾಡಿದರು. ವಿಮಾನಕ್ಕಿಂತ ವಿಮಾನದ ಸುತ್ತಲಿನ ಜಾಗ ಹೆಚ್ಚು ದುಡಿಯುತ್ತೆ ಅಂತ ಜಗತ್ತು ಕಲಿತ ಪಾಠಗಳಲ್ಲಿ ಇದೊಂದು. ಇವತ್ತು ಬೆಂಗಳೂರು ನಿಲ್ದಾಣದ ಒಳಗೇ 463 ಎಕರೆಯ 'ಏರ್‌ಪೋರ್ಟ್ ಸಿಟಿ' ಏಳ್ತಿದೆ: ಆಫೀಸು, ಹೋಟೆಲು, ಬಿಸಿನೆಸ್ ಪಾರ್ಕು.

ಕಾಂಪೌಂಡಿನ ಹೊರಗಿನ ಕಥೆ ಬೇರೆ. ಅಲ್ಲಿ ಜಾಗ ಹೊಂದಿಸೋದು ಕೆಐಎಡಿಬಿ, ಅಂದ್ರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ಅದರ ಕಾಯ್ದೆ 1966ರದ್ದು. ಮೊದಲು 28(1) ಅಡಿ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ ಕೇಳಿದಮೇಲೆ 28(4) ಅಡಿ ಅಂತಿಮ ಅಧಿಸೂಚನೆ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಯೋಜನೆಗೆ ಶೇ. 80 ಜನರ ಒಪ್ಪಿಗೆ ಬೇಕು. ಈ ಹಳೇ ಕಾಯ್ದೆಯಲ್ಲಿ ಆ ಷರತ್ತಿಲ್ಲ. ಒಮ್ಮೆ ಪ್ರಾಥಮಿಕ ಅಧಿಸೂಚನೆ ಆಯ್ತೋ, ಹೊಲ ಇನ್ನೂ ನಿಮ್ಮದೇ, ಉಳುಮೆನೂ ನಿಮ್ಮದೇ. ಆದ್ರೆ ಮಾರೋದು ಕಷ್ಟ, ಸಾಲ ತೆಗೆಯೋದು ಕಷ್ಟ, ಹೊಸ ಬೋರು ಹಾಕಿಸೋಕೆ ಧೈರ್ಯ ಬರಲ್ಲ. ವರ್ಷಗಟ್ಟಲೆ 'ಪೆಂಡಿಂಗ್' ಸ್ಟೇಟಸ್‌ನಲ್ಲಿ ಬದುಕೋದು ಅಂದ್ರೆ ಇದೇ.

2021ರಲ್ಲಿ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಇಂಥ ಅಧಿಸೂಚನೆ ಬಂತು, ಏರೋಸ್ಪೇಸ್ ಪಾರ್ಕ್ ಹೆಸರಲ್ಲಿ. ರಾಗಿ, ದ್ರಾಕ್ಷಿ, ರೇಷ್ಮೆ, ಹೂವು, ತರಕಾರಿ ಬೆಳೆಯೋ ನೆಲ. ಹೊಳೆ ಇಲ್ಲದ ಸೀಮೆಯಲ್ಲಿ ಕೆರೆ, ಬೋರು ನಂಬಿ ಮಾಡಿದ ಬೇಸಾಯ. 2022ರ ಏಪ್ರಿಲ್ 4ಕ್ಕೆ ರೈತರು ಧರಣಿ ಕೂತರು. 1,198 ದಿನ ಕೂತರು. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದಾಗಿ ಹೇಳಿದರು. ತಾವಾಗೇ ಕೊಡೋರಿದ್ರೆ ಅವರಿಂದ ಮಾತ್ರ ತಗೋತೀವಿ ಅಂದರು. ಹಾಗೆ ಕೊಡೋಕೆ ತಯಾರಿದ್ದ ರೈತರೂ ಅಲ್ಲಿದ್ದರು, ಅದನ್ನೂ ಹೇಳಬೇಕು. ಮಗಳ ಮದುವೆ, ಮಗನ ಓದು, ಬತ್ತಿದ ಬೋರು, ಇವೆಲ್ಲ ಇರೋ ಮನೆಗೆ ಒಳ್ಳೇ ರೇಟು ಅಂದ್ರೆ ಸಣ್ಣ ಮಾತಲ್ಲ.

ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ ಅವನಿಗೆ ಆಶ್ಚರ್ಯ ಆಗಲಿಲ್ಲ. "ಡ್ಯಾಮಿನಾಗೂ ಹಿಂಗ ಆಗಿತ್ತು" ಅಂದ.

ನಮ್ಮ ಕಡೆ 'ಡ್ಯಾಮು' ಅಂದ್ರೆ ಒಂದೇ, ತುಂಗಭದ್ರಾ. 1945ರಲ್ಲಿ ಅಡಿಗಲ್ಲು, 1953ಕ್ಕೆ ನೀರು ನಿಂತಿತು. ಎಡದಂಡೆ ಆಗ ನಿಜಾಮರ ಹೈದರಾಬಾದಿಗೆ ಸೇರಿದ್ದು, ನಮ್ಮ ಕೊಪ್ಪಳವೂ ಅಷ್ಟೇ. ಹಿನ್ನೀರಿನಲ್ಲಿ ಹತ್ತಾರು ಊರು ಮುಳುಗಿದವು. ಕಾಲುವೆ ಹರಿದಿದ್ದು ಗಂಗಾವತಿ, ಸಿಂಧನೂರು ಕಡೆ. ಎತ್ತರದ ಯಲಬುರ್ಗಾ, ಕುಷ್ಟಗಿಗೆ ಅದರ ನೀರು ಹತ್ತಲೇ ಇಲ್ಲ. ಗಂಗಾವತಿ ಭತ್ತದ ಕಣಜ ಆಯ್ತು. ಆದ್ರೆ ಭತ್ತದ ಲಾಭ ಮೊದಲು ಕಂಡವರು ಯಾರು? ಆಂಧ್ರದ ಡೆಲ್ಟಾದಿಂದ ಬಂದ ರೈತರು. ಕಾಲುವೆ ನೀರಿನ ಬೇಸಾಯ ಅವರಿಗೆ ಗೊತ್ತಿತ್ತು. ಜೋಳ ಬೆಳೀತಿದ್ದ ನಮ್ಮವರಿಗೆ ಗೊತ್ತಿರಲಿಲ್ಲ. ಎಷ್ಟೋ ಜನ ಒಣಹೊಲದ ರೇಟಿಗೆ ಕೊಟ್ಟು ಕೈತೊಳ್ಕೊಂಡರು. ಇವತ್ತಿಗೂ ಆ ಭಾಗದ ತುಂಬ 'ಕ್ಯಾಂಪ್' ಅನ್ನೋ ಹೆಸರಿನ ಊರುಗಳಿವೆ. ಬಂದವರ ತಪ್ಪು ಅಂತಲ್ಲ, ಅವರು ಮೈಮುರಿದು ದುಡಿದರು. ಆದ್ರೆ ನಾಳೆ ಈ ನೆಲಕ್ಕೆ ಏನು ಬೆಲೆ ಬರುತ್ತೆ ಅಂತ ಕೊಂಡವನಿಗೆ ಗೊತ್ತಿತ್ತು, ಮಾರಿದವನಿಗೆ ಗೊತ್ತಿರಲಿಲ್ಲ.

ದೇವನಹಳ್ಳಿಯಲ್ಲಿ ಸೈಟು ಹುಡುಕ್ತಿರೋ ನಾನು, ನೀವು, ಈ ಕಥೆಯಲ್ಲಿ ಕೊಂಡವರ ಜಾಗದಲ್ಲಿದ್ದೀವಿ. ಹೈವೇ ಎಲ್ಲಿ ಬರುತ್ತೆ, ಮೆಟ್ರೋ ಎಲ್ಲಿ ಬರುತ್ತೆ ಅಂತ ನಮ್ಮ ವಾಟ್ಸಾಪ್ ಗುಂಪಿಗೆ ಮೊದಲು ಗೊತ್ತಾಗುತ್ತೆ. ಹೊಲದಲ್ಲಿರೋನಿಗೆ ಕೊನೆಗೆ.

ಬೇರೆ ದಾರಿ ಇಲ್ವಾ? ಪುಣೆ ಹತ್ತಿರ ಮಗರಪಟ್ಟಾ ಅಂತ ಒಂದು ಊರಿದೆ. ಅಲ್ಲಿನ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಸುಮಾರು 400 ಎಕರೆಯನ್ನ ಬಿಲ್ಡರ್‌ಗೆ ಮಾರದೆ, ತಾವೇ ಕಂಪನಿ ಮಾಡಿ, ಹೊಲಕ್ಕೆ ತಕ್ಕ ಷೇರು ಇಟ್ಕೊಂಡು ಐಟಿ ಪಾರ್ಕ್ ಕಟ್ಟಿದವು. ಹೊಲ ಹೋಯ್ತು, ಒಡೆತನ ಉಳೀತು. ಎಲ್ಲ ಕಡೆ ಹೀಗಾಗಲ್ಲ, ಊರಲ್ಲಿ ಒಗ್ಗಟ್ಟು ಬೇಕು, ಮುಂದೆ ನಿಲ್ಲೋರು ಬೇಕು. ಆದ್ರೆ ಆಗಲ್ಲ ಅನ್ನೋ ಹಾಗಿಲ್ಲ.

ಇದನ್ನ ಹೇಳೋಕೆ ಕಾರಣ ಇದೆ. ಗಿಣಿಗೇರಾ ಹತ್ತಿರ ಕಾರ್ಖಾನೆಯವರ ಖಾಸಗಿ ಏರ್‌ಸ್ಟ್ರಿಪ್ ಇದೆ. ಉಡಾನ್ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಬಂದಿತ್ತು, ಜನರಿಗೆ ಟಿಕೆಟ್ ಸಿಗೋ ವಿಮಾನ ಬರಲಿಲ್ಲ. ಅಂಜನಾದ್ರಿಗೆ, ಹಂಪಿಗೆ ಜನ ಬರ್ತಾರೆ, ಹಾಗಾಗಿ ಜಿಲ್ಲೆಗೆ ಸ್ವಂತ ವಿಮಾನ ನಿಲ್ದಾಣ ಬೇಕು ಅನ್ನೋ ಮಾತು ನಡೀತಾನೇ ಇದೆ. ಭಾನಾಪುರದಲ್ಲಿ 400 ಎಕರೆಯ ಆಟಿಕೆ ಪಾರ್ಕ್ ಆಗಲೇ ಬಂದಿದೆ. ನಿಲ್ದಾಣ ಬರಲಿ, ನನಗೂ ರಾತ್ರಿ ಬಸ್ಸು ಸಾಕಾಗಿದೆ. ಆದ್ರೆ ನಿಲ್ದಾಣದ ಹಿಂದೇನೇ ಅದರ ಸುತ್ತಲಿನ ಪಾರ್ಕೂ ಬರುತ್ತೆ. ನಕ್ಷೆ ಬರೆಯೋ ಮೊದಲು ಆ ಹೊಲದವರನ್ನ ಕೂರಿಸಿ, ರೇಟು ಎಷ್ಟು ಅಂತಷ್ಟೇ ಅಲ್ಲ, ಪಾಲು ಎಷ್ಟು ಅಂತಲೂ ಕೇಳಬೇಕು. ಕೇಳಿಸೋ ಕೆಲಸ ಓದಿ ಊರುಬಿಟ್ಟ ನಮ್ಮಂಥವರದ್ದು.

ಏಜೆಂಟು ಮತ್ತೆ ಫೋನ್ ಮಾಡಿದ್ದ. ಲೇಔಟ್ ಆಗೋ ಮೊದಲು ಆ ಸರ್ವೆ ನಂಬರ್ ಯಾರ ಹೆಸರಲ್ಲಿತ್ತು, ಅವರಿಗೆ ಎಕರೆಗೆ ಎಷ್ಟು ಸಿಕ್ಕಿತು ಅಂತ ಕೇಳಿದೆ.

"ಅದೆಲ್ಲ ಯಾಕ್ ಸಾರ್ ನಿಮಗೆ? ಟೈಟಲ್ ಕ್ಲಿಯರ್ ಇದೆ."

ಇರಬಹುದು. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಅಪ್ಪ ಊರಿಂದ ಫೋನ್ ಮಾಡಿದಾಗೆಲ್ಲ ಮಳೆ ಸುದ್ದಿ ಮುಗಿಸಿ ಕೇಳ್ತಾನೆ: "ಯಾರದಂತ ಗೊತ್ತಾತೇನೋ ತಮ್ಮಾ?"