ಕೊರಳಿನ ಗಂಟಿಗೆ ಒಂದು ಹೆಸರು

ಸಕಲೇಶಪುರ, ಆಲೂರಿನ ಬೆಟ್ಟಸಾಲಿನಲ್ಲಾಗಲಿ, ಕನ್ನಡನಾಡಿನ ಬೇರೆಡೆಯಲ್ಲಾಗಲಿ, ಕೊರಳಿನ ಊತಕ್ಕೆ ನಮ್ಮ ಭಾಷೆಯಲ್ಲಿ ಬಳಕೆಯಾದ ಹೆಸರುಗಳು ಕೆಲವೇ. ಗಂಟಲ ಮುಂದೆ ಜೋತರೆ ಗಳಗಂಡ. ಪಕ್ಕದಲ್ಲಿ ಮಣಿಸರದಂತೆ ಸಾಲುಗಟ್ಟಿದರೆ ಗಂಡಮಾಲೆ. ಉಳಿದುದೆಲ್ಲ ಬರಿಯ ಗಡ್ಡೆ. ನಾನು ವೈದ್ಯನಲ್ಲ, ಕನ್ನಡದ ಅಧ್ಯಾಪಕ. ಈ ಮಾತುಗಳ ಹಿಂದಿನ ಚರಿತ್ರೆಯೇ ನನ್ನನ್ನು ಸೆಳೆದುದು.

ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಳಗಂಡಗಳನ್ನು ಬೇರೆಬೇರೆಯಾಗಿ ವಿವರಿಸಿದೆ. ಅಪಚಿಯ ಗಂಟುಗಳಲ್ಲಿ ಕೆಲವು ಮಾಗಿ ಸೋರುತ್ತವೆ, ಕೆಲವು ಅಡಗುತ್ತವೆ, ಹೊಸವು ಹುಟ್ಟುತ್ತವೆ. ಅರ್ಬುದವಾದರೋ ಆಳವಾಗಿ ಬೇರೂರಿ, ಮೆಲ್ಲನೆ ಬೆಳೆದು, ಮಾಗದೆ ನಿಲ್ಲುತ್ತದೆ. ಕಣ್ಣು ಮತ್ತು ಬೆರಳುಗಳೇ ಸಾಧನವಾಗಿದ್ದ ಕಾಲಕ್ಕೆ ಇದು ಬಹು ಸೂಕ್ಷ್ಮವಾದ ವಿಂಗಡಣೆ.

ಆದರೆ ಕಣ್ಣು ಬೆರಳುಗಳನ್ನು ವಂಚಿಸುವ ಗಂಟುಗಳೂ ಉಂಟು. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಎಂಬ ವೈದ್ಯನು ದುಗ್ಧಗ್ರಂಥಿಗಳು ಊದಿ ಸತ್ತ ಏಳು ಮಂದಿಯ ವೃತ್ತಾಂತವನ್ನು ಮುಂದಿಟ್ಟನು. ಇದು ಕ್ಷಯದ ಗಂಡಮಾಲೆಯೋ, ಬೇರೆ ರೋಗವೋ ಎಂಬ ಚರ್ಚೆ ಬಹುಕಾಲ ಮುಗಿಯಲಿಲ್ಲ. 1882ರಲ್ಲಿ ಕಾಕ್ ಕ್ಷಯದ ಕ್ರಿಮಿಯನ್ನು ತೋರಿಸಿಕೊಟ್ಟ ಮೇಲೂ, 1898ರಲ್ಲಿ ವಿಯೆನ್ನಾದ ಸ್ಟರ್ನ್‌ಬರ್ಗ್ ಇದನ್ನು ಕ್ಷಯದ ಒಂದು ರೂಪವೆಂದೇ ಬಗೆದನು. ಅವನು ಕಂಡ ರೋಗಿಗಳಲ್ಲಿ ಹಲವರಿಗೆ ಕ್ಷಯವೂ ಇತ್ತು. 1902ರಲ್ಲಿ ಅಮೆರಿಕದ ಡೊರೊತಿ ರೀಡ್ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳನ್ನು ನೋಡಿ, ಎರಡೂ ಬೇರೆಯೆಂದು ಸ್ಥಾಪಿಸಿದಳು.

ಇನ್ನು ಎದೆಯ ಮೇಲ್ಭಾಗದಲ್ಲಿ ಅವಿತ ಗಡ್ಡೆ ಹೊರಗೆ ಕಾಣುವುದೇ ಇಲ್ಲ. ಗಳಗಂಡವು ಎದೆಯೆಲುಬಿನ ಹಿಂದಕ್ಕೆ ಇಳಿದಿದ್ದರೆ, ಎರಡು ಕೈಗಳನ್ನೂ ಮೇಲೆತ್ತಿದಾಗ ಮುಖ ಕೆಂಪೇರಬಹುದೆಂದು ಪೆಂಬರ್ಟನ್ 1946ರಲ್ಲಿ ತಿಳಿಸಿದನು. ಶ್ವಾಸಕೋಶದ ತುದಿಯ ಗಡ್ಡೆಯನ್ನು ಕುರಿತು ಪ್ಯಾಂಕೋಸ್ಟ್ 1924ರಲ್ಲಿ ಬರೆದನು. ಅದು ಮೊದಲು ಭುಜದ ನೋವಾಗಿ ತೋರುವುದರಿಂದ ವಾತವೆಂದು ತಿಳಿದು ಎಣ್ಣೆ ತಿಕ್ಕುತ್ತ ಕೂರುವುದು ಸುಲಭ.

ನಮ್ಮಲ್ಲಿ ಕ್ಷಯ ಸಾಮಾನ್ಯ, ಇಂಥ ಗಡ್ಡೆಗಳು ಅಪರೂಪ. ಆದುದರಿಂದ ಕೊರಳಿನ ಗಂಟನ್ನು ಕಂಡು ಮೊದಲು ಕ್ಷಯವನ್ನು ಶಂಕಿಸುವುದು ಸಹಜವೇ. ಪರೀಕ್ಷೆಯಿಲ್ಲದೆ ಶಂಕೆಯನ್ನೇ ನಿಶ್ಚಯವೆಂದು ತಿಳಿದು, ಗಂಟು ಕರಗದಿದ್ದರೂ ತಿಂಗಳುಗಟ್ಟಲೆ ಅದೇ ಔಷಧಿಯನ್ನು ನುಂಗುವುದು ಅಪಾಯಕರ. ಹಾಡ್ಜ್‌ಕಿನ್ನನ ರೋಗವು ಇಂದು ಬಹುಮಂದಿಯಲ್ಲಿ ಗುಣವಾಗುವಂಥದು. ಕಳೆದುಹೋದ ತಿಂಗಳುಗಳೇ ಅಲ್ಲಿ ನಷ್ಟ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯೂ, 2006ರಲ್ಲಿ ಹಾಸನದಲ್ಲಿ ವೈದ್ಯಕೀಯ ಕಾಲೇಜೂ ಬಂದ ಮೇಲೆ ಬೆಟ್ಟದ ಊರುಗಳವರಿಗೆ ದಾರಿ ಹಿಂದಿನಷ್ಟು ದೂರವಿಲ್ಲ. ಎರಡು ಮೂರು ವಾರಗಳಲ್ಲಿ ಇಳಿಯದ ಗಂಟನ್ನು ವೈದ್ಯರಿಗೆ ತೋರಿಸಬೇಕು. ಅವರು ಅದರ ಚೂರನ್ನು ಪರೀಕ್ಷಿಸಬೇಕೆಂದರೆ ಹಿಂಜರಿಯಬಾರದು. ಹೆಸರು ಆಮೇಲೆ ತಾನಾಗಿ ಬರುತ್ತದೆ.