ಬೆಲೆ ಕಟ್ಟುವವನಿಗೆ ಬಂದ ಪರವಾನಗಿ

ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಇರುವ ಕಾಫಿ ತೋಟಕ್ಕೆ ತೆರಿಗೆ ಇಲಾಖೆಯ ಮುಂದೆ ನಿಲ್ಲುವಂಥ ಬೆಲೆ ಕಟ್ಟಲು ಯಾರು ಅರ್ಹರು? ಸಂಪತ್ತು ತೆರಿಗೆಯ ನಿಯಮ 8ಎ ಇದಕ್ಕೆ ಬಹಳ ನೇರವಾಗಿ ಉತ್ತರ ಕೊಟ್ಟಿತ್ತು. ಕನಿಷ್ಠ 40 ಹೆಕ್ಟೇರಿನ ತೋಟವನ್ನು 5 ವರ್ಷವಾದರೂ ಮಾಲೀಕನಾಗಿಯೋ ಮ್ಯಾನೇಜರಾಗಿಯೋ ನಡೆಸಿದವನು ಅರ್ಹ. ಏಲಕ್ಕಿ ತೋಟವಾದರೆ 4 ಹೆಕ್ಟೇರ್ ಸಾಕು. ಒಡವೆಗೆ ಬೆಲೆ ಹೇಳುವವನು ಒಡವೆ ವ್ಯಾಪಾರದಲ್ಲಿ ಪಳಗಿರಬೇಕು. ಆದರೆ ಕಂಪನಿಯ ಷೇರು, ಪಾಲುದಾರಿಕೆಯ ಪಾಲು, ವ್ಯಾಪಾರದ ಗುಡ್‌ವಿಲ್‌ಗಳ ಸರದಿ ಬಂದಾಗ ನಿಯಮದ ಧಾಟಿಯೇ ಬೇರೆ. ಅಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಅಂಥದೇ ವೃತ್ತಿಸಂಸ್ಥೆಯ ಸದಸ್ಯನಾಗಿರಬೇಕು, 10 ವರ್ಷ ವೃತ್ತಿ ಮಾಡಿರಬೇಕು, ಹಿಂದಿನ 5 ವರ್ಷಗಳಲ್ಲಿ ಯಾವುದಾದರೂ 3 ವರ್ಷ ತಲಾ 50,000 ರೂಪಾಯಿಗೆ ಕಡಿಮೆಯಿಲ್ಲದ ವರಮಾನ ಗಳಿಸಿರಬೇಕು. ಒಂದು ವ್ಯಾಪಾರವನ್ನು ನಡೆಸಿದ್ದಾನೆಯೇ, ಕೊಂಡು ಮಾರಿದ್ದಾನೆಯೇ ಎಂದು ಯಾರೂ ಕೇಳಲಿಲ್ಲ. ತೋಟದ ಬೆಲೆಗೆ ತೋಟ ಗೊತ್ತಿರಬೇಕು, ವ್ಯಾಪಾರದ ಬೆಲೆಗೆ ಲೆಕ್ಕಪತ್ರ ಗೊತ್ತಿದ್ದರೆ ಸಾಕು. ಈ ವ್ಯತ್ಯಾಸ ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ. ನಮ್ಮ ದೇಶದಲ್ಲಿ ವ್ಯಾಪಾರಕ್ಕೆ ಬೆಲೆ ಕಟ್ಟುವವರ ಅರ್ಹತೆ ಬೆಳೆದು ಬಂದದ್ದು ಆ ವಿದ್ಯೆ ಮಾಗಿದಂತೆಲ್ಲ ಅಲ್ಲ, ಬೆಲೆಯ ಜಗಳ ಒಂದೊಂದು ಸರ್ಕಾರಿ ಬಾಗಿಲಿಗೆ ಬಂದಂತೆಲ್ಲ. ಪ್ರತಿ ಬಾಗಿಲೂ ತನಗೆ ಬೇಕಾದ ಹೊಣೆಗಾರನನ್ನು ತಾನೇ ಆರಿಸಿಕೊಂಡಿತು.

ಮೊದಲ ಬಾಗಿಲು ತೆರಿಗೆಯದು. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ 1956ರಲ್ಲಿ ಕೊಟ್ಟ ಸಲಹೆಯ ಬೆನ್ನಿಗೇ 1957ರಲ್ಲಿ ಸಂಪತ್ತು ತೆರಿಗೆ ಕಾಯ್ದೆ ಬಂತು. ಆದಾಯವಾದರೆ ಕೈಗೆ ಬಂದ ಹಣ, ಎಣಿಸಬಹುದು. ಸಂಪತ್ತು ಹಾಗಲ್ಲ. ಮಾರದೆ ಇಟ್ಟುಕೊಂಡದ್ದಕ್ಕೆ ಮಾರಿದ್ದರೆ ಎಷ್ಟು ಬರುತ್ತಿತ್ತು ಎಂದು ಊಹಿಸಬೇಕು. ಮನೆತನದ ಖಾಸಗಿ ಕಂಪನಿಯ ಷೇರಿಗಂತೂ ಪೇಟೆಯೇ ಇಲ್ಲ. ಸಹಜವಾಗಿ ವ್ಯಾಜ್ಯ ಬೆಳೆಯಿತು. ಎಪ್ಪತ್ತರ ದಶಕದ ಆರಂಭದಲ್ಲಿ ಮಹದೇವ ಜಾಲಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಡೆಯುತ್ತಿರುವ ಕಂಪನಿಯ ಷೇರನ್ನು ಅದು ತರುವ ಲಾಭದಿಂದ ಅಳೆಯಬೇಕು, ಆಸ್ತಿಯನ್ನು ಬಿಡಿಬಿಡಿಯಾಗಿ ಮಾರಿದಂತೆ ಲೆಕ್ಕ ಹಾಕುವುದು ಮುಚ್ಚುವ ಹಂತಕ್ಕೆ ಬಂದ ಕಂಪನಿಗೆ ಮಾತ್ರ ಎಂಬ ದಾರಿ ತೋರಿತು. ಅದೇ ಹೊತ್ತಿಗೆ, 1972ರ ತಿದ್ದುಪಡಿಯಲ್ಲಿ, ನೋಂದಾಯಿತ ಮೌಲ್ಯಮಾಪಕ ಎಂಬ ಹೊಸ ಪಾತ್ರ ಕಾಯ್ದೆಯೊಳಗೆ ಬಂತು. ತೆರಿಗೆದಾರನ ಕಡೆ ಅವನು, ಇಲಾಖೆಯ ಕಡೆ ಮೌಲ್ಯಮಾಪನ ಅಧಿಕಾರಿ. ಶುಲ್ಕವನ್ನೂ ನಿಯಮವೇ ಗೊತ್ತುಮಾಡಿತು, ಆಸ್ತಿಯ ಬೆಲೆಯ ಇಷ್ಟು ಪಾಲು ಎಂದು. ಬೆಲೆ ಏರಿದರೆ ಶುಲ್ಕ ಏರುತ್ತದೆ, ಬೆಲೆ ಇಳಿದರೆ ಗಿರಾಕಿಗೆ ಸಂತೋಷ. ಈ ಎರಡು ಎಳೆತಗಳ ನಡುವೆ ಬೆಲೆ ಕಟ್ಟುವವನು ನೆಟ್ಟಗೆ ನಿಲ್ಲುತ್ತಾನೆಂದು ನಂಬಿದವರ ಆಶಾವಾದ ದೊಡ್ಡದು. ಸಂಪತ್ತು ತೆರಿಗೆ 2015ರಲ್ಲಿ ರದ್ದಾಯಿತು. ಆದರೆ ಆ ಕಾಯ್ದೆಯ 34ಎಬಿ ಕಲಮಿನ ನೋಂದಣಿಯನ್ನು ಸಾಲ ಕೊಡುವ ಬ್ಯಾಂಕುಗಳು ಆಮೇಲೂ ಕೇಳುತ್ತಲೇ ಬಂದವು.

ಎರಡನೆಯ ಬಾಗಿಲು ಬಂಡವಾಳದ್ದು. ಅಲ್ಲಿ ಮೌಲ್ಯಮಾಪಕನೇ ಬೇಕಾಗಿರಲಿಲ್ಲ, ಸರ್ಕಾರವೇ ಬೆಲೆ ಕಟ್ಟುತ್ತಿತ್ತು. 1947ರ ಬಂಡವಾಳ ನೀಡಿಕೆ ನಿಯಂತ್ರಣ ಕಾಯ್ದೆಯಡಿ ದೆಹಲಿಯ ಹಣಕಾಸು ಇಲಾಖೆಯಲ್ಲಿ ಕುಳಿತ ಕಂಟ್ರೋಲರ್, ಕಂಪನಿ ತನ್ನ ಷೇರನ್ನು ಎಷ್ಟಕ್ಕೆ ಮಾರಬಹುದೆಂದು ಹೇಳುತ್ತಿದ್ದರು. ಅವರ ಸೂತ್ರವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಒಂದು ಕಾರ್ಖಾನೆಯ ನಿವ್ವಳ ಆಸ್ತಿ ಷೇರೊಂದಕ್ಕೆ 20 ರೂಪಾಯಿ, ಸರಾಸರಿ ಲಾಭ ಷೇರಿಗೆ 6 ರೂಪಾಯಿ ಅಂತಿಟ್ಟುಕೊಳ್ಳಿ. ತಯಾರಿಕಾ ಕಂಪನಿಗೆ ಗೊತ್ತುಮಾಡಿದ ದರ ಶೇ. 15. ಹಾಗಾಗಿ 6 ರೂಪಾಯಿ ಲಾಭದ ಬಂಡವಾಳ ಬೆಲೆ 40. ಎರಡರ ಸರಾಸರಿ 30, ಅದೇ ನ್ಯಾಯಬೆಲೆ. ಇದೇ ಅಂಕಿಗಳು ವ್ಯಾಪಾರಿ ಕಂಪನಿಯದಾದರೆ ದರ ಶೇ. 20, ಲಾಭದ ಬೆಲೆ 30ಕ್ಕೆ ಇಳಿದು ನ್ಯಾಯಬೆಲೆ 25. ಎರಡರ ನಡುವಿನವರಿಗೆ ಶೇ. 17.5. ನಾಳೆ ಏನಾದೀತು ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ, ನೋಡುವುದೆಲ್ಲ ಕಳೆದ ವರ್ಷಗಳನ್ನು. ಕಾಗದ ಪೆನ್ಸಿಲ್ ಇದ್ದ ಯಾವ ಗುಮಾಸ್ತನಾದರೂ ಮಾಡಬಹುದಾದ ಕೆಲಸಕ್ಕೆ ಪರಿಣತ ಏಕೆ? ಈ ವಿದ್ಯೆ ನಮ್ಮಲ್ಲಿ ತಡವಾಗಿ ಬೆಳೆದದ್ದಕ್ಕೆ ಆ ಸೂತ್ರದ ಪಾಲು ಸಣ್ಣದಲ್ಲ. 1992ರಲ್ಲಿ ಕಂಟ್ರೋಲರ್ ಕಚೇರಿ ಮುಚ್ಚಿತು. ಮರುವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನ ಇನ್ಫೋಸಿಸ್ 10 ರೂಪಾಯಿ ಮುಖಬೆಲೆಯ ಷೇರನ್ನು 95ಕ್ಕೆ ಸಾರ್ವಜನಿಕರ ಮುಂದಿಟ್ಟಿತು. ದೊಡ್ಡ ಯಂತ್ರಗಳಿಲ್ಲದ, ಹೊಗೆ ಕೊಳವೆಯಿಲ್ಲದ ಆ ಕಂಪನಿಗೆ ಜನ ಅಷ್ಟು ಕೊಡಲು ಹಿಂಜರಿದರು, ಉಳಿದದ್ದನ್ನು ಮಾರ್ಗನ್ ಸ್ಟ್ಯಾನ್ಲಿ ಕೊಂಡಿತು. ಜೂನಿನಲ್ಲಿ ಪೇಟೆ ತೆರೆದದ್ದು 145 ರೂಪಾಯಿಗೆ.

ಮೂರನೆಯದು ಕೋರ್ಟಿನ ಬಾಗಿಲು. ಉದಾರೀಕರಣದ ಜೊತೆ ವಿಲೀನಗಳು ಬಂದವು, ವಿಲೀನಗಳ ಜೊತೆ ಯಾರ ಷೇರಿಗೆ ಯಾರ ಷೇರು ಎಷ್ಟು ಎಂಬ ಜಗಳ. ಟಾಟಾ ಆಯಿಲ್ ಮಿಲ್ಸ್ (ಟಾಮ್ಕೋ) ಹಿಂದುಸ್ತಾನ್ ಲಿವರಿನಲ್ಲಿ ಸೇರಿದಾಗ 15 ಟಾಮ್ಕೋ ಷೇರಿಗೆ 2 ಲಿವರ್ ಷೇರು ಎಂಬ ಅನುಪಾತ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಿಪುಣರು ಒಪ್ಪಿತ ವಿಧಾನಗಳಿಂದ ಹಾಕಿದ ಲೆಕ್ಕ ಮೇಲ್ನೋಟಕ್ಕೆ ಅನ್ಯಾಯವಲ್ಲದಿದ್ದರೆ ಕೋರ್ಟು ಅದನ್ನು ಮತ್ತೆ ಕೂಡಿ ಕಳೆಯಲು ಕೂರುವುದಿಲ್ಲ ಎಂಬುದು 1994ರ ಆ ತೀರ್ಪಿನ ಸಾರ. ಎರಡು ವರ್ಷದ ನಂತರ ಮಫತ್‌ಲಾಲ್ ಪ್ರಕರಣದಲ್ಲೂ ಅದೇ ನಿಲುವು ಮುಂದುವರಿಯಿತು. ಈ ವಿನಯದ ಫಲವಾಗಿ ಲೆಕ್ಕಪರಿಶೋಧಕನ ಮಾತಿಗೆ ಬಹುತೇಕ ಕೊನೆಯ ಮಾತಿನ ತೂಕ ಬಂತು. ಹಾಗೆ ತೂಕ ಪಡೆದವನಿಗೆ ಬೆಲೆ ಕಟ್ಟುವುದರಲ್ಲೇ ಪರೀಕ್ಷೆಯಾಗಿತ್ತೇ ಎಂದರೆ ಇಲ್ಲ. ಅವನು ಒಳ್ಳೆಯ ಲೆಕ್ಕಿಗ, ಹೆಸರು ಮಾಡಿದವನು, ಅಷ್ಟೇ.

ಈ ಕೊರತೆ ತುಂಬಲು ಬಂದದ್ದು 2013ರ ಕಂಪನಿ ಕಾಯ್ದೆಯ 247ನೇ ಕಲಮು. ಅದಕ್ಕೆ ನಿಯಮಗಳು ಬಂದದ್ದು 2017ರ ಅಕ್ಟೋಬರಿನಲ್ಲಿ, ಕಡ್ಡಾಯವಾದದ್ದು ಗಡುವು ಎರಡು ಸಲ ಮುಂದೆ ಹೋಗಿ 2019ರ ಫೆಬ್ರವರಿಯಲ್ಲಿ. ಜಮೀನು ಕಟ್ಟಡ, ಯಂತ್ರ ಸ್ಥಾವರ, ಷೇರು ಮತ್ತು ಹಣಕಾಸು ಆಸ್ತಿ ಎಂದು ಮೂರು ವರ್ಗ ಮಾಡಿದರು. ಮೂರನೆಯದಕ್ಕೆ ಲೆಕ್ಕಪರಿಶೋಧಕ, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಅಥವಾ ಹಣಕಾಸಿನಲ್ಲಿ ಎಂಬಿಎ ಆದವನು 3 ವರ್ಷದ ಅನುಭವದೊಂದಿಗೆ ಬರಬಹುದು. 50 ಗಂಟೆಗಳ ಪಾಠ, ಆಮೇಲೆ ಕಂಪ್ಯೂಟರಿನಲ್ಲಿ ಪರೀಕ್ಷೆ, ಶೇ. 60 ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಡಿತ. ಇಲ್ಲಿ ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಕೊನೆಗೂ ವಿದ್ಯೆಯನ್ನೇ ಪರೀಕ್ಷಿಸುವ ವ್ಯವಸ್ಥೆ ಬಂತಲ್ಲ, ಅರ್ಹತೆ ಎಂದರೆ ಬರೀ ಹೊಣೆಗಾರನ ಹುಡುಕಾಟ ಎನ್ನುವುದು ಹೇಗೆ? ಆದರೆ ಈ ಪರೀಕ್ಷೆ ನಡೆಸುವುದು ಯಾರು ಅಂತ ನೋಡಿ. ವಿಶ್ವವಿದ್ಯಾಲಯವಲ್ಲ, ವೃತ್ತಿಸಂಸ್ಥೆಯೂ ಅಲ್ಲ, ದಿವಾಳಿ ಮಂಡಳಿ. 2016ರ ದಿವಾಳಿ ಸಂಹಿತೆಗೆ ಮುಳುಗಿದ ಕಂಪನಿಗಳ ಬೆಲೆ ಬೇಗ ಬೇಕಾಗಿತ್ತು, ಸಹಿ ಹಾಕುವವರು ಬೇಕಾಗಿತ್ತು. ಆ ಸಂಹಿತೆಯ ಕಟ್ಟಳೆಗಳು ಹೇಳುವುದನ್ನೇ ಓದಿ: ಇಬ್ಬರು ಮೌಲ್ಯಮಾಪಕರನ್ನು ನೇಮಿಸಬೇಕು, ಇಬ್ಬರೂ ಸ್ವತಂತ್ರವಾಗಿ ಬೆಲೆ ಹೇಳಬೇಕು, ಅಂತರ ಬಹಳವಿದ್ದರೆ ಮೂರನೆಯವನನ್ನು ಕರೆಯಬಹುದು, ಹತ್ತಿರ ಹತ್ತಿರವಿರುವ ಎರಡು ಅಂಕಿಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು. ಪರೀಕ್ಷೆ ಪಾಸಾದ ಇಬ್ಬರು ಒಂದೇ ಕಾರ್ಖಾನೆಗೆ ಬೇರೆ ಬೇರೆ ಬೆಲೆ ಹೇಳುತ್ತಾರೆ ಎಂಬುದನ್ನು ಪರೀಕ್ಷೆ ಇಟ್ಟವರೇ ಮೊದಲೇ ಒಪ್ಪಿಕೊಂಡು ನಿಯಮ ಬರೆದಿದ್ದಾರೆ.

ಹಾಗಾದರೆ ಈ ಸರ್ಟಿಫಿಕೇಟು ದಂಡವೇ ಎಂದು ಇನ್ನೊಂದು ಕಡೆಯಿಂದ ಕೇಳಬಹುದು. ಬೆಂಗಳೂರಿನದೇ ಉದಾಹರಣೆ ಕಣ್ಣ ಮುಂದಿದೆ. ಒಂದು ಕಾಲಕ್ಕೆ ಸಾವಿರಾರು ಕೋಟಿ ಬೆಲೆ ಕಟ್ಟಿಸಿಕೊಂಡು ಸಾಲಕ್ಕೆ ಭದ್ರತೆಯಾಗಿ ನಿಂತಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ ಬ್ರ್ಯಾಂಡನ್ನು 2016ರ ಏಪ್ರಿಲಿನಲ್ಲಿ ಹರಾಜಿಗಿಟ್ಟಾಗ, 366.70 ಕೋಟಿ ರೂಪಾಯಿಯ ಕನಿಷ್ಠ ಬೆಲೆಗೂ ಯಾರೂ ಕೂಗಲಿಲ್ಲ. ಹಾರುವ ವಿಮಾನದ ಹೆಸರಿಗಿದ್ದ ಬೆಲೆ ನಿಂತ ವಿಮಾನದ ಹೆಸರಿಗೆ ಉಳಿಯುವುದಿಲ್ಲ. ಇದನ್ನು ಯಾವ ಪರೀಕ್ಷೆಯೂ ತಪ್ಪಿಸುತ್ತಿರಲಿಲ್ಲ. ಆದರೂ ದಂಡ ಎನ್ನಲಾರೆ. 2017ರ ನಿಯಮಗಳು ವ್ಯವಹಾರ ಕುದುರಿದರೆ ಮಾತ್ರ ಸಿಗುವ ಶುಲ್ಕವನ್ನು ನಿಷೇಧಿಸಿವೆ. 1972ರ ಶೇಕಡಾವಾರು ಶುಲ್ಕದಿಂದ ಇಲ್ಲಿಗೆ ಬಂದದ್ದು ದೊಡ್ಡ ದಾರಿ. ಮೋಸದ ಉದ್ದೇಶ ಸಾಬೀತಾದರೆ ಒಂದು ವರ್ಷದವರೆಗೆ ಜೈಲಿದೆ. ಬೆಲೆ ತಪ್ಪಬಹುದು, ಆದರೆ ಹೇಗೆ ತಪ್ಪಿತೆಂದು ಕೇಳಲು ಒಂದು ಹೆಸರು, ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಬೇರೆ ದೇಶಗಳಲ್ಲೂ ಚರಿತ್ರೆ ಇದಕ್ಕಿಂತ ಘನವಾದದ್ದಲ್ಲ. ಅಮೆರಿಕದಲ್ಲಿ ಪಾನನಿಷೇಧದಿಂದ ಬೀರು, ವಿಸ್ಕಿ ತಯಾರಕರು ಕಳೆದುಕೊಂಡ ಗುಡ್‌ವಿಲ್ ಅಳೆಯಲು ಅಲ್ಲಿನ ಖಜಾನೆ 1920ರಲ್ಲಿ ಒಂದು ಸೂತ್ರ ಹೊರಡಿಸಿತು. ಪೇಟೆಯಿಲ್ಲದ ಖಾಸಗಿ ಕಂಪನಿಗಳ ಷೇರಿಗೆ ಬೆಲೆ ಕಟ್ಟುವವರು ಇಂದಿಗೂ ಉಲ್ಲೇಖಿಸುವ 59-60 ಎಂಬ 1959ರ ಆದೇಶವೂ ತೆರಿಗೆ ಇಲಾಖೆಯದೇ.

ಬಾಗಿಲುಗಳು ಬೇರೆ ಬೇರೆಯಾಗಿ ಉಳಿದದ್ದರ ಖರ್ಚನ್ನು ಚೆನ್ನಾಗಿ ಬಲ್ಲವರು ಬೆಂಗಳೂರಿನ ಸ್ಟಾರ್ಟ್‌ಅಪ್‌ಗಳು. ಹೊಸ ಹೂಡಿಕೆದಾರನಿಗೆ ಷೇರು ಕೊಡುವಾಗ ಕಂಪನಿ ಕಾಯ್ದೆಗೆ ನೋಂದಾಯಿತ ಮೌಲ್ಯಮಾಪಕನ ವರದಿ ಬೇಕು. ಅದೇ ಷೇರನ್ನು ನ್ಯಾಯಬೆಲೆಗಿಂತ ಹೆಚ್ಚಿಗೆ ಕೊಟ್ಟರೆ ಬೀಳುತ್ತಿದ್ದ ಏಂಜಲ್ ತೆರಿಗೆಯಿಂದ ತಪ್ಪಿಸಿಕೊಳ್ಳಲು, ಭವಿಷ್ಯದ ಹಣದ ಹರಿವಿನ ಲೆಕ್ಕವಾದರೆ, ಆದಾಯ ತೆರಿಗೆಗೆ ಮರ್ಚೆಂಟ್ ಬ್ಯಾಂಕರನ ವರದಿ ಬೇಕಿತ್ತು. 2018ರ ಮೇ ತನಕ ಲೆಕ್ಕಪರಿಶೋಧಕನೂ ಅದನ್ನು ಕೊಡಬಹುದಿತ್ತು, ಒಂದು ಅಧಿಸೂಚನೆ ಅವನನ್ನು ಹೊರಗಿಟ್ಟಿತು. ವಿದ್ಯೆಯೇ ಅರ್ಹತೆಯಾಗಿದ್ದರೆ ಒಂದು ಷೇರಿಗೆ ಒಬ್ಬ ಪರಿಣತ ಸಾಕಿತ್ತು. ಈ ಚದುರಿದ್ದನ್ನೆಲ್ಲ ಕೂಡಿಸಲು ಎಂ.ಎಸ್. ಸಾಹೂ ನೇತೃತ್ವದ ಸಮಿತಿ 2020ರಲ್ಲಿ ಮೌಲ್ಯಮಾಪಕರಿಗೇ ಒಂದು ಕಾಯ್ದೆ, ಒಂದು ರಾಷ್ಟ್ರೀಯ ಸಂಸ್ಥೆ ಬೇಕೆಂದು ಕರಡು ಮಸೂದೆ ಸಮೇತ ವರದಿ ಕೊಟ್ಟಿತು. ಅದರ ಬಗ್ಗೆ ಆತುರ ಯಾರಿಗೂ ಕಾಣಲಿಲ್ಲ. ಏಂಜಲ್ ತೆರಿಗೆಯನ್ನು ಮಾತ್ರ 2024ರ ಬಜೆಟ್ ತೆಗೆದುಹಾಕಿತು, ಅದರೊಂದಿಗೆ ಆ ತೆರಿಗೆಗಾಗಿ ಬೇಕಾಗಿದ್ದ ವರದಿಯೂ ಹೋಯಿತು.